ದಿನಾ ಹತ್ತುವವರ ಬೆಟ್ಟ

ಮೈಸೂರಿಗೆ ಹೋದಾಗ ಚಾಮುಂಡಿ ಬೆಟ್ಟಕ್ಕೆ ಕಾರಿನಲ್ಲಿ ಹೋಗಬೇಡಿ, ಮೆಟ್ಟಿಲು ಹತ್ತಿ. ಬೆಳಗ್ಗೆ ಆರಕ್ಕೆಲ್ಲ ಪಾದದ ಹತ್ತಿರ ಇದ್ದರೆ ಬಿಸಿಲೇರುವ ಮುಂಚೆ ಮೇಲಿರ್ತೀರಿ. ಸಾವಿರಕ್ಕೂ ಹೆಚ್ಚು ಮೆಟ್ಟಿಲು. ನೀರಿನ ಬಾಟಲಿ ಇರಲಿ. ತಿಂಡಿ ಬ್ಯಾಗಿನೊಳಗಿರಲಿ, ಕೋತಿಗಳಿವೆ.

ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಶಿನ, ಕುಂಕುಮ ಹಚ್ಚುತ್ತಾ ಬಗ್ಗಿ ಏಳುತ್ತಿರುತ್ತಾರೆ. ನಮ್ಮಂಥವರು ನೂರು ಮೆಟ್ಟಿಲಿಗೇ ಏದುಸಿರು ಬಿಡುವಾಗ ಅರವತ್ತು ದಾಟಿದವರು ಮಾತಾಡುತ್ತಲೇ ಮುಂದೆ ಹೋಗ್ತಾರೆ. 17ನೇ ಶತಮಾನದಲ್ಲಿ ಒಂದೇ ಬಂಡೆಯಲ್ಲಿ ಕಡೆದ ನಂದಿಯ ಬಳಿ ಅಂಥವರೊಬ್ಬರನ್ನು ಗುಟ್ಟು ಕೇಳಿದೆ. “ಗುಟ್ಟೇನಪ್ಪಾ, ದಿನಾ ಬರ್ತೀನಿ. ರಾತ್ರಿ ಬೇಗ ಮಲಗ್ತೀನಿ” ಅಂದರು.

ರೋಗನಿರೋಧಕ ಶಕ್ತಿಯನ್ನು ಒಂದೇ ದಿನದಲ್ಲಿ ತುಂಬಿಸುವ ಮಾತ್ರೆಯಾಗಲಿ, ಕಷಾಯವಾಗಲಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ವ್ಯಾಯಾಮ. ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಜೊತೆಗೆ ಏಳು ಗಂಟೆ ನಿದ್ದೆ, ತಟ್ಟೆಯಲ್ಲಿ ಸೊಪ್ಪು, ಕಾಳು, ಹಣ್ಣು. ಬೆಟ್ಟ ತಿಂಗಳಿಗೊಮ್ಮೆ ಸಾಕು. ಸೋಮವಾರ ಆಫೀಸಿನಲ್ಲಿ ಲಿಫ್ಟಿಗೆ ಕಾಯುವಾಗ ಪಕ್ಕಕ್ಕೆ ನೋಡಿ, ಮೆಟ್ಟಿಲು ಅಲ್ಲೂ ಇರುತ್ತೆ.