ಹಾಲು ಕಾಯುವ ಉದ್ಯೋಗ

ನಮ್ಮೂರಿನ ಲೆಕ್ಕದಲ್ಲಿ ಸರ್ಕಾರಿ ನೌಕರನೊಬ್ಬ ವಾರದ ನಡುವೆ ಊರಿನಲ್ಲಿ ಕಾಣಿಸಿಕೊಂಡರೆ ಅದಕ್ಕೆ ಮೂರೇ ಕಾರಣ: ಹಬ್ಬ, ಸಾವು, ಸಸ್ಪೆಂಡು. 2020ರ ಫೆಬ್ರುವರಿ ಮೊದಲ ವಾರ ನಾನು ಟ್ರಂಕು, ಸುತ್ತಿದ ಹಾಸಿಗೆ, ಹಳೆಯ ಮಿಕ್ಸಿ ಸಮೇತ ಸಾಲಿಗ್ರಾಮದಲ್ಲಿ ಬಂದಿಳಿದಾಗ ಸಂಕ್ರಾಂತಿ ಮುಗಿದಿತ್ತು, ಶಿವರಾತ್ರಿಗೆ ಇನ್ನೂ ದಿನಗಳಿದ್ದವು. ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದರು. ಉಳಿದದ್ದು ಒಂದೇ.

ಟೀ ಅಂಗಡಿಯವನು ಲೋಟ ಮುಂದಿಡುತ್ತಾ ದನಿ ತಗ್ಗಿಸಿ, “ಎಷ್ಟ್ ತಿಂಗ್ಳಿಗೆ ಮಾಡವ್ರಣ್ಣ?” ಎಂದ.

“ಏನನ್ನ?”

“ಓಗ್ಲಿ ಬುಡಿ. ಎಲ್ಲಾ ಸರಿಯಾಯ್ತದೆ.”

ಟೀ ಕಾಸು ತೆಗೆದುಕೊಳ್ಳಲಿಲ್ಲ. ಸಸ್ಪೆಂಡಾದವನಿಗೆ ಅರ್ಧ ಸಂಬಳ ಎಂಬ ಕಾನೂನು ಜ್ಞಾನ ನಮ್ಮೂರಿನಲ್ಲಿ ಎಲ್ಲರಿಗೂ ಇದೆ.

ಇದು ಸಸ್ಪೆಂಡಲ್ಲ ಕಣಪ್ಪ, ವಿ.ಆರ್.ಎಸ್., ಸ್ವಯಂ ನಿವೃತ್ತಿ ಎಂದು ಬಿಡಿಸಿ ಹೇಳಿದ್ದರಿಂದ ಪರಿಸ್ಥಿತಿ ಇನ್ನಷ್ಟು ಕೆಟ್ಟಿತು. ಮೇಲಿನವರು ಕಳಿಸಿದರೆ ಅದು ಗ್ರಹಚಾರ, ಯಾರ ಮನೆಗಾದರೂ ಬರಬಹುದು. ಐವತ್ತನಾಲ್ಕನೇ ವಯಸ್ಸಿನಲ್ಲಿ, ಕೈಕಾಲು ನೆಟ್ಟಗಿರುವಾಗ, ತಾನೇ ಬರೆದುಕೊಟ್ಟು ಬಂದವನನ್ನು ಯಾವ ಗ್ರಹದ ಲೆಕ್ಕಕ್ಕೆ ಹಾಕುವುದು? ಶುಗರ್ರೋ, ಸಾಲವೋ, ಹೆಂಡತಿಯ ಜೊತೆ ಏನಾದರೂ ವೈಮನಸ್ಸೋ ಎಂದು ಜನ ಬೇರೆ ಬೇರೆ ದಿಕ್ಕಿನಿಂದ ವಿಚಾರಿಸತೊಡಗಿದರು. ಬಿ.ಎಸ್.ಎನ್.ಎಲ್. ಎಂದರೆ ಈಗ ಕಂಪನಿ ಎಂದು 2000ದ ಅಕ್ಟೋಬರ್ 1ರಿಂದ ನಾವು ಹೇಳುತ್ತಲೇ ಬಂದಿದ್ದೆವು. ಊರು ಮಾತ್ರ ಒಪ್ಪಿರಲಿಲ್ಲ. ಅವರಿಗೆ ಅದು ಇವತ್ತಿಗೂ ಟೆಲಿಫೋನ್ ಡಿಪಾರ್ಟ್‌ಮೆಂಟು, ನಾನು ಕಂಬ ಹತ್ತುವ ಸರ್ಕಾರ.

ಆ ಯೋಜನೆಯ ಸೊಗಸನ್ನು ಅವರಿಗೆ ಹೇಗೆ ಹೇಳುವುದು? 2019ರ ನವೆಂಬರ್ 4ರಿಂದ ಡಿಸೆಂಬರ್ 3ರವರೆಗೆ ಅರ್ಜಿ ಹಾಕಲು ಅವಕಾಶ. ಐವತ್ತು ತುಂಬಿದವರು ಯಾರಾದರೂ ಹಾಕಬಹುದು. ಮಾಡಿದ ಸೇವೆಯ ಪ್ರತಿ ವರ್ಷಕ್ಕೆ 35 ದಿನದ ಸಂಬಳ, ಮಾಡದೆ ಉಳಿದ ಪ್ರತಿ ವರ್ಷಕ್ಕೆ 25 ದಿನದ ಸಂಬಳ. ದುಡಿದದ್ದಕ್ಕೂ ದುಡ್ಡು, ದುಡಿಯದೆ ಇರುವುದಕ್ಕೂ ದುಡ್ಡು! ಎಕ್ಸ್‌ಚೇಂಜಿನಲ್ಲಿ ಆ ತಿಂಗಳು ಟೆಸ್ಟರ್‌ಗಿಂತ ಕ್ಯಾಲ್ಕುಲೇಟರ್ ಹೆಚ್ಚು ಓಡಾಡಿತು. ದೇಶದಾದ್ಯಂತ 78 ಸಾವಿರಕ್ಕೂ ಹೆಚ್ಚು ಜನ ಬರೆದುಕೊಟ್ಟರು, ಇದ್ದವರಲ್ಲಿ ಹೆಚ್ಚುಕಡಿಮೆ ಅರ್ಧ. 2020ರ ಜನವರಿ 31, ಶುಕ್ರವಾರ, ಎಲ್ಲರೂ ಒಂದೇ ಸಂಜೆ ಮನೆಗೆ.

ಬೀಳ್ಕೊಡುಗೆ ಸಮಾರಂಭ ಎಂದರೆ ಒಬ್ಬ ಹೋಗುವವನು, ಐವತ್ತು ಜನ ಉಳಿಯುವವರು. ಉಳಿಯುವವರು ಹೋಗುವವನನ್ನು ಹೊಗಳಬೇಕು, ಹೋಗುವವನು ಗದ್ಗದಿತನಾಗಬೇಕು. ನಮ್ಮಲ್ಲಿ ವೇದಿಕೆಯ ಮೇಲೆ ಕುರ್ಚಿ ಸಾಲದೆ ಕೆಳಗಿನ ಕುರ್ಚಿಗಳನ್ನೂ ಎತ್ತಿಕೊಂಡು ಹೋದರು. ಚಪ್ಪಾಳೆಗೆ ಉಳಿದವರು ಮೂರ್ನಾಲ್ಕು ಹುಡುಗರು, ಒಬ್ಬ ಸೆಕ್ಯುರಿಟಿ. ಹಾರ ತರಲು ದೇವರಾಜ ಮಾರುಕಟ್ಟೆಗೆ ಹೋಗಿದ್ದವನೂ ವಿ.ಆರ್.ಎಸ್. ಗಿರಾಕಿಯೇ. ತನ್ನ ಹಾರಕ್ಕೆ ತಾನೇ ಚೌಕಾಸಿ ಮಾಡಿ ತಂದಿದ್ದ, ಅದೂ ಸ್ವಲ್ಪ ಬಾಡಿದ್ದು. ನಾವು ಒಬ್ಬರನ್ನೊಬ್ಬರು ಹೊಗಳಿಕೊಂಡು, ಒಬ್ಬರಿಗೊಬ್ಬರು ಶಾಲು ಹೊದೆಸಿಕೊಂಡು, ಖಾರ ಬೂಂದಿ ತಿಂದು ಹೊರಬಂದೆವು.

ಅವ್ವನಿಗೆ ಎಂಬತ್ತು ದಾಟಿದೆ. ಶಾಲು ನೋಡಿ ಸಂತೋಷಪಟ್ಟಳು. ಮೂರನೇ ದಿನ ಮುದ್ದೆ ಮುರಿಯುತ್ತಾ ಕೇಳಿದಳು: “ರಜ ಎಷ್ಟ್ ದಿಸ ಮಗ?”

“ಇನ್ನು ಹೋಗೋದಿಲ್ಲ ಕಣವ್ವ. ಮುಗೀತು.”

“ಊಂ,” ಎಂದಳು. ಮಾರನೆಯ ವಾರ ಅದೇ ಪ್ರಶ್ನೆ. ಮರೆವು ಎಂದುಕೊಳ್ಳೋಣವೆಂದರೆ, ಭತ್ತ ಅಳೆಯುವಾಗ ಸೇರಿನ ಲೆಕ್ಕ ಅವಳಿಗೆ ಎಂದೂ ತಪ್ಪುವುದಿಲ್ಲ. ಇದು ಮರೆವಲ್ಲ, ತಕರಾರು.

ಸರಿಯಾಗಿ ಆ ಹೊತ್ತಿಗೆ ನನ್ನನ್ನು ಕಾಪಾಡಿದ್ದು ಕೊರೊನಾ. ಹಾಗೆನ್ನಬಾರದು, ಆ ಕಾಲದಲ್ಲಿ ಯಾರ ಯಾರ ಮನೆಯಲ್ಲಿ ಏನೇನಾಯಿತು ಎಂಬುದು ಎಲ್ಲರಿಗೂ ಗೊತ್ತು. ನಾನು ಹೇಳುತ್ತಿರುವುದು ಬರೀ ನನ್ನ ಮಾನದ ವಿಚಾರ. ಮಾರ್ಚ್ 25ರಿಂದ ಇಡೀ ದೇಶ ಮನೆಯಲ್ಲಿ ಕುಳಿತಿತು. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು ಬನಿಯನ್ನಿನಲ್ಲಿ ಜಗಲಿಗೆ ಬಂದರು. ಮೇಷ್ಟ್ರುಗಳು, ಕಂಡಕ್ಟರುಗಳು, ಬ್ಯಾಂಕಿನವರ ಮಕ್ಕಳು ಎಲ್ಲರೂ ಚೌಕಾಬಾರದ ಮನೆ ಬರೆದುಕೊಂಡು ಕವಡೆ ಹಾಕತೊಡಗಿದರು. “ಏನ್ ಮಾಡ್ತಿದ್ದೀರಿ ಈಗ?” ಎಂದು ನನ್ನನ್ನು ಒಬ್ಬರೂ ಕೇಳಲಿಲ್ಲ. ಅಷ್ಟು ನೆಮ್ಮದಿಯ ದಿನಗಳನ್ನು ನಾನು ಸರ್ವೀಸಿನಲ್ಲಿ ಕಂಡಿರಲಿಲ್ಲ.

ಆಮೇಲೆ ಬಸ್ಸು ಬಿಟ್ಟರು. ಒಬ್ಬೊಬ್ಬರಾಗಿ ಹೊರಟರು. ಜಗಲಿ ಖಾಲಿಯಾಗುತ್ತಾ ಬಂತು. ಒಂದು ಬೆಳಿಗ್ಗೆ ನೋಡಿದರೆ ಕವಡೆ ಹಾಕಲು ನಾನೂ, ಪಾರ್ಶ್ವವಾಯು ಬಡಿದ ಒಬ್ಬ ಹಿರಿಯರೂ ಇಬ್ಬರೇ ಉಳಿದಿದ್ದೆವು. ಶಾಲು ಹೊದೆಸಿದ್ದು ಜನವರಿಯಲ್ಲಾದರೂ ನಾನು ರಿಟೈರ್ಡಾದದ್ದು ಅವತ್ತು.

ನನ್ನ ಹೆಂಡತಿ ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಟೀಚರ್. ಶಾಲೆ ಬಾಗಿಲು ತೆಗೆದದ್ದೇ ಅವಳು ಬೆಳಗಿನ ಬಸ್ಸು ಹಿಡಿಯತೊಡಗಿದಳು. ಸೆರಗಿಗೆ ಪಿನ್ನು ಚುಚ್ಚಿಕೊಳ್ಳುತ್ತಾ, ಟಿಫನ್ ಡಬ್ಬಿ ಬ್ಯಾಗಿಗೆ ತುರುಕುತ್ತಾ, ಹೊಸ್ತಿಲ ಹೊರಗೆ ಒಂದು ಕಾಲಿಟ್ಟು ಅವಳು ಹೇಳಿದ ಮಾತಿನಿಂದ ನನ್ನ ಎರಡನೇ ಇನಿಂಗ್ಸ್ ಶುರುವಾಯಿತು:

“ರೀ, ಹಾಲಿಟ್ಟಿದ್ದೀನಿ. ಸ್ವಲ್ಪ ನೋಡ್ಕೊಳ್ಳಿ.”

ಹಾಲು ಕಾಯುವ ಕೆಲಸವನ್ನು ಹಗುರವಾಗಿ ಕಾಣುವವರು ಸಾಲಿಗ್ರಾಮದ ಚರಿತ್ರೆ ತಿಳಿಯದವರು. ಹನ್ನೆರಡನೇ ಶತಮಾನದ ಹೊತ್ತಿಗೆ ರಾಮಾನುಜಾಚಾರ್ಯರು ತಮಿಳುನಾಡು ಬಿಟ್ಟು ಹೊಯ್ಸಳರ ಸೀಮೆಗೆ ಬಂದಾಗ, ತೊಂಡನೂರು, ಮೇಲುಕೋಟೆಗಳಿಗೂ ಮೊದಲು ನಮ್ಮೂರಿನಲ್ಲಿ ತಂಗಿದರು ಎನ್ನುತ್ತದೆ ಸಂಪ್ರದಾಯ. ಶ್ರೀಪಾದ ತೀರ್ಥ ಇವತ್ತಿಗೂ ಇದೆ. ಇಲ್ಲಿ ಅವರಿಗೆ ಸಿಕ್ಕ ಶಿಷ್ಯ ವಡುಗ ನಂಬಿ, ಆಂಧ್ರಪೂರ್ಣ ಎಂದೂ ಹೆಸರು. ಆತ ಮುಂದೆ ಗುರುಗಳ ಜೊತೆ ಶ್ರೀರಂಗಕ್ಕೆ ಹೋದ. ಒಮ್ಮೆ ರಂಗನಾಥನ ಉತ್ಸವ ಮಠದ ಬಾಗಿಲಿಗೇ ಬಂತಂತೆ. ಆಚಾರ್ಯರು, ಬಾರಯ್ಯ, ದೇವರನ್ನು ನೋಡು ಎಂದು ಕರೆದರು. ಒಳಗೆ ಗುರುಗಳಿಗೆ ಹಾಲು ಕಾಯಿಸುತ್ತಿದ್ದ ನಂಬಿ ಕದಲಲಿಲ್ಲ. ನಿಮ್ಮ ದೇವರನ್ನು ನೋಡಲು ಬಂದರೆ ನನ್ನ ದೇವರ ಹಾಲು ಉಕ್ಕಿಹೋಗುತ್ತದೆ ಎಂದುಬಿಟ್ಟ.

ಇಂಥ ಪರಂಪರೆಯ ಊರಿನಲ್ಲಿ ನಾನು ಗ್ಯಾಸ್ ಒಲೆಯ ಮುಂದೆ ನಿಂತೆ. ವ್ಯತ್ಯಾಸವಿಷ್ಟೆ, ನಂಬಿಗೆ ಹೊರಗಿನಿಂದ ದೇವರು ಕರೆಯುತ್ತಿದ್ದ. ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಮೂವತ್ತು ವರ್ಷದಿಂದ ಕಿವಿ ಸವೆಯುವಷ್ಟು ಕೂಗಿದ ಫೋನು ಕಿಟಕಿಯ ಮೇಲೆ ತೆಪ್ಪಗೆ ಬಿದ್ದಿತ್ತು. ಹಾಲು ಮಾತ್ರ ನನಗೆ ಹಳೆಯ ಪರಿಚಯದಂತೆ ಕಂಡಿತು. ನಮ್ಮ ಇಲಾಖೆಯಲ್ಲಿ ಬಂದುಹೋಗುವ ಫಾಲ್ಟ್ ಎಂದೊಂದಿತ್ತು. ಮೆಕ್ಯಾನಿಕ್ ಹೋಗಿ ನಿಂತರೆ ಡಯಲ್ ಟೋನ್ ಕೊಯ್ಯೋ ಎನ್ನುತ್ತದೆ, ಅವನು ಸೈಕಲ್ಲು ಹತ್ತಿದ ಕೂಡಲೇ ಲೈನು ಸತ್ತುಹೋಗುತ್ತದೆ. ಹಾಲಿನದೂ ಅದೇ ಜಾತಿ. ನೋಡುತ್ತಿರುವಷ್ಟು ಹೊತ್ತು ಅಂಚಿನಲ್ಲಿ ಸಣ್ಣ ಗುಳ್ಳೆ, ನಡುವೆ ಸುಕ್ಕುಬಿದ್ದ ಕೆನೆ, ಅದರ ಮೇಲೆ ಒಂದು ಅಲುಗಾಟವೂ ಇಲ್ಲ. ದಿನಪತ್ರಿಕೆಯ ಶಬ್ದ ಸರಕ್ ಎಂದಿತೋ, ಕೆನೆ ಒಂದು ಮೂಲೆಯಲ್ಲಿ ಉಬ್ಬಿ ಹರಿಯುತ್ತದೆ.

ಕೆಲಸದಲ್ಲಿದ್ದಾಗ ಬೈಸಿಕೊಳ್ಳುವುದೇ ನನ್ನ ಉದ್ಯೋಗವಾಗಿತ್ತು. 198ಕ್ಕೆ ದೂರು ಬರುತ್ತಿತ್ತು, ಚೀಟಿ ನನ್ನ ಕೈಗೆ. ಮಗಳ ಮದುವೆ ಮಾತುಕತೆ ನಡೆಯುವಾಗಲೇ ಲೈನು ಹೋಯಿತು ಎಂದು ಕೂಗಾಡಿದವರಿದ್ದಾರೆ. ಅಮೆರಿಕದಿಂದ ಮಗ ಭಾನುವಾರ ಮಾಡುತ್ತಾನೆ, ಅಷ್ಟರೊಳಗೆ ಸರಿಮಾಡಪ್ಪ ಎಂದು ಕೈಹಿಡಿದ ಮುದುಕರಿದ್ದಾರೆ. ಎಷ್ಟೋ ಜನರನ್ನು ನಾನು ಮುಖದಿಂದ ಗುರುತಿಸಲಾರೆ, ನಂಬರ್ ಹೇಳಿದರೆ ಯಾವ ಪಿಲ್ಲರ್ ಬಾಕ್ಸು, ಯಾವ ಕಂಬ, ಗೇಟಿನಲ್ಲಿ ನಾಯಿ ಇದೆಯೋ ಇಲ್ಲವೋ ಎಲ್ಲ ಹೇಳಬಲ್ಲೆ. ಎಂಬತ್ತರ ದಶಕದಲ್ಲಿ ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದ ತುದಿಯಲ್ಲಿ ನಾನು ಸೇರಿದ್ದು. ಹೊಸ ಕನೆಕ್ಷನ್ ಕೊಟ್ಟ ದಿನ ರಿಸೀವರಿಗೆ ಕುಂಕುಮ ಹಚ್ಚಿ, ನಮಗೆ ಎಲೆಯಡಿಕೆ ತೆಂಗಿನಕಾಯಿ ಕೊಟ್ಟು ಕಳಿಸುತ್ತಿದ್ದರು. ಬೈಗುಳವೂ ತೆಂಗಿನಕಾಯಿಯೂ ಒಂದೇ ಗಿಡದ್ದು ಎಂದು ಆಗ ಹೊಳೆದಿರಲಿಲ್ಲ. ಈಗ ನನಗೆ ಬೈಯುವವರೂ ಇಲ್ಲ.

ಆ ಕೊರತೆ ನೀಗಿಸಿಕೊಳ್ಳಲು ಗದ್ದೆಗೆ ಹೋದೆ. ನಮ್ಮದು ಕೆ.ಆರ್. ನಗರದ ಕಡೆಯ ನಾಲೆಯ ಸೀಮೆ, ಭತ್ತದ ಕಣಜ ಎಂದು ಹೆಸರು. ಇರುವ ಚೂರು ಗದ್ದೆಯನ್ನು ಅಪ್ಪ ಹೋದಂದಿನಿಂದ ವಾರಕ್ಕೆ ಕೊಟ್ಟಿದ್ದೇವೆ. ನಾನು ಬೆಳಿಗ್ಗೆ ಬದುವಿನ ಮೇಲೆ ನಿಂತು ಒಟ್ಲು ನೋಡುವುದು, ಮಧ್ಯಾಹ್ನ ತೂಬು ನೋಡುವುದು, ಸಂಜೆ ಮತ್ತೆ ಒಟ್ಲು ನೋಡುವುದು. ಗದ್ದೆ ಮಾಡುವಾತ ಬಹಳ ಮರ್ಯಾದಸ್ತ. ಕೆಲವು ದಿನ ಸಹಿಸಿಕೊಂಡ. ಆಮೇಲೆ ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದು ಹೇಳಿದ:

“ಸೋಮಿ, ತೆಪ್ ತಿಳ್ಕಬ್ಯಾಡಿ. ನೀವು ಮೈಸೂರ್ನಾಗೆ ಇದ್ದಾಗ್ಲೂ ಬತ್ತ ಬೆಳೀತಿತ್ತು.”

ಸಾಲಿಗ್ರಾಮ ಎಂದರೆ ಅರ್ಧ ಕರ್ನಾಟಕಕ್ಕೆ ಉಡುಪಿ ಕಡೆಯದು. ಅಲ್ಲಿಯೂ ನರಸಿಂಹ, ಇಲ್ಲಿಯೂ ನರಸಿಂಹ. ಅಲ್ಲಿ ಗುರು, ಇಲ್ಲಿ ಯೋಗ. ಸರ್ವೀಸಿನುದ್ದಕ್ಕೂ “ಓ, ಕಾರಂತರ ಊರು!” ಎಂದವರಿಗೆ ಅಲ್ಲ ಸ್ವಾಮಿ, ಮೈಸೂರು ಜಿಲ್ಲೆ ಎಂದು ತಿದ್ದಿ ಸಾಕಾಗಿ, ಕೊನೆಕೊನೆಗೆ ಹೌದೆಂದುಬಿಡುತ್ತಿದ್ದೆ. ಈಗ ನಮ್ಮದೂ ತಾಲ್ಲೂಕು ಕೇಂದ್ರ, ಸ್ವಲ್ಪ ಧೈರ್ಯ ಬಂದಿದೆ. ಆದರೆ ಬಿಡುವಾಗಿ ಕುಳಿತು ಯೋಚಿಸಿದರೆ ಎರಡು ಊರೂ ಸೇರಿಕೊಂಡು ನನ್ನನ್ನು ಅಣಕಿಸುವಂತಿವೆ. 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ತೊಂಬತ್ತು ದಾಟಿದ ಮೇಲೂ ಬರೆಯುತ್ತಿದ್ದರು. ರಾಮಾನುಜರು ಹುಟ್ಟಿದ್ದು 1017ರಲ್ಲಿ, ಬದುಕಿದ್ದು ನೂರಿಪ್ಪತ್ತು ವರ್ಷ ಎಂಬ ಸಂಪ್ರದಾಯದ ಲೆಕ್ಕ ಹಿಡಿದರೆ, ಅವರು ಈ ಸೀಮೆಗೆ ಬಂದು ಮೇಲುಕೋಟೆಯನ್ನು ಕಟ್ಟಿದ್ದು ಎಂಬತ್ತರ ಹತ್ತಿರ ಅಥವಾ ಆಚೆ. ಇಬ್ಬರಿಗೂ ಯಾರೂ ವಿ.ಆರ್.ಎಸ್. ಫಾರಂ ತೋರಿಸಿರಲಿಲ್ಲ.

ಫಾರಂ ಎಂದಾಗ ನೆನಪಾಯಿತು. ಬ್ಯಾಂಕಿನಲ್ಲಿ ಕೆ.ವೈ.ಸಿ.ಗೆ ಕೊಟ್ಟ ಕಾಗದದಲ್ಲಿ ಉದ್ಯೋಗದ ಕಾಲಮ್ಮಿತ್ತು. ಕಂಪ್ಯೂಟರ್ ಮುಂದಿದ್ದ ಹುಡುಗಿ ‘ನಿವೃತ್ತ’ ಎಂದು ಒತ್ತಿದಳು, ಹುಟ್ಟಿದ ತಾರೀಕು ನೋಡಿದಳು, ನನ್ನ ಮುಖ ನೋಡಿದಳು. “ಹಿರಿಯ ನಾಗರಿಕರ ಬಡ್ಡಿ ಬರಲ್ಲ ಅಂಕಲ್, ಇನ್ನೂ ಅರವತ್ತಾಗಿಲ್ಲ,” ಎಂದಳು. ಕೆಲಸಕ್ಕೆ ಮುದುಕ, ಬಡ್ಡಿಗೆ ಹುಡುಗ.

ಅಂತೂ ಮೊನ್ನೆ ಮೊನ್ನೆ ಅರವತ್ತು ತುಂಬಿತು. ಟೀ ಅಂಗಡಿಯಲ್ಲಿ ಯಾರೋ ವಯಸ್ಸು ಕೇಳಿದರು, ಹೇಳಿದೆ. “ಓಹೋ, ಹಂಗಾರೆ ಈಗ ರಿಟೈರ್ಡಾದ್ರಿ ಅನ್ನಿ!” ಎಂದು ಅಂಗಡಿಯವನು ಮನಸಾರೆ ನಕ್ಕು ಟೀ ಕಾಸು ತೆಗೆದುಕೊಂಡ. ಊರಿಗೆಲ್ಲ ಒಂದು ಭಾರ ಇಳಿದಂತಾಯಿತು. ಸಂಜೆ ಯೋಗಾನರಸಿಂಹನ ಗುಡಿಯ ಕಟ್ಟೆಯ ಮೇಲೆ ಪಿಂಚಣಿದಾರರ ಸಾಲಿನಲ್ಲಿ ಸರಿದು ಜಾಗ ಮಾಡಿಕೊಟ್ಟರು. ಬಿ.ಪಿ., ಮಂಡಿನೋವು, ತುಟ್ಟಿಭತ್ಯೆ, ಎಲ್ಲವೂ ಕ್ರಮಬದ್ಧ. ಅನುಮಾನದಿಂದ ನೋಡುವವರಿದ್ದಾಗ ಅದಕ್ಕೊಂದು ಖದರಿತ್ತು ಎಂದು ಈಗ ಅನ್ನಿಸುತ್ತದೆ. ಏನೋ ಮಾಡಿ ಬಂದಿದ್ದಾನೆ ಎಂಬ ಗುಮಾನಿಗೆ ಪಾತ್ರನಾಗಿರುವುದು ಏನೂ ಮಾಡದೆ ಕುಳಿತವನಿಗೆ ಸಣ್ಣ ಗೌರವವಲ್ಲ. ಅವ್ವ ಮಾತ್ರ ಅರವತ್ತನ್ನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ಯುಗಾದಿ ಹೋಳಿಗೆ ಬಡಿಸುವಾಗಲೂ, “ರಜ ಮುಗ್ದಿಲ್ವಾ?” ಎಂದಳು. “ಹಬ್ಬ ಕಳೀಲಿ,” ಎಂದೆ. ಅವಳಿಗೆ ಆ ಉತ್ತರ ಒಪ್ಪಿಗೆಯಾಯಿತು.

ಈಗ ನನ್ನ ಚಿಂತೆ ಬೇರೆ. ಹೆಂಡತಿಯ ಸರ್ವೀಸಿಗೆ ಕೆಲವೇ ವರ್ಷ ಉಳಿದಿದೆ. ಮೊನ್ನೆ ರಾತ್ರಿ ಅವಳು ಪಾಠಯೋಜನೆ ಬರೆಯುವುದನ್ನು ನಿಲ್ಲಿಸಿ, ತಾನು ಮನೆಗೆ ಬಂದ ದಿನದಿಂದ ಒಲೆಯ ಹತ್ತಿರ ಯಾರೂ ಸುಳಿಯಕೂಡದೆಂದೂ, ಇಷ್ಟು ವರ್ಷ ನಾನು ಪಾತ್ರೆ ತಳ ಹಿಡಿಸಿದ್ದು ಸಾಕೆಂದೂ ಘೋಷಿಸಿದಳು.

“ಹಾಗಾದರೆ ನನ್ನ ಕೆಲಸ?” ಎಂದೆ.

“ವಿ.ಆರ್.ಎಸ್. ತಗೊಳ್ಳಿ.”

“ಪರಿಹಾರ?”

ಅವಳು ಪೆನ್ನಿನ ತುದಿ ಕಚ್ಚಿಕೊಂಡು ಮೇಷ್ಟ್ರ ಗತ್ತಿನಲ್ಲಿ ಲೆಕ್ಕ ಹಾಕಿದಳು. “ಹಾಲು ಕಾಯಿಸಿದ ಪ್ರತಿ ವರ್ಷಕ್ಕೆ 35 ಲೋಟ ಕಾಫಿ. ಉಕ್ಕಿಸಿದ್ದನ್ನ ಅದರಲ್ಲಿ ಕಳೀಬೇಕು. ನೀವೇ ಬಾಕಿ ಕೊಡೋ ಹಾಗೆ ಬರುತ್ತೆ ನೋಡಿ.”