ಮನೆಗೊಂದು ಕೂಲರ್, ಕಂಪ್ಯೂಟರಿಗೊಂದು ಕೂಲರ್

ನಮ್ಮ ರಾಯಚೂರಿನಲ್ಲಿ ಕೂಲರ್ ಅಂದರೆ ಒಂದೇ ಅರ್ಥ. ಕಿಟಕಿಗೆ ಆತುಕೊಂಡು ನಿಂತಿರುವ, ಹೊಟ್ಟೆ ತುಂಬ ನೀರು ಕುಡಿದು ಗುಂಯ್ ಅಂತ ಗಾಳಿ ಬಿಡುವ ದೊಡ್ಡ ಡಬ್ಬ. ಹಾಗಾಗಿ ಹೋದ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ನಾನು "ಒಂದು ಕೂಲರ್ ತರಿಸಬೇಕು" ಅಂದಾಗ ಅವ್ವ, "ಇರೋದು ಚೊಲೊ ಐತಲ್ಲೋ, ಹುಲ್ಲು ಬದಲಾಯಿಸಿದ್ರ ಸಾಕು" ಅಂದಳು. ಇದು ಕಂಪ್ಯೂಟರಿಗೆ ಅಂದೆ. "ಅದಕ್ಕೂ ಶೆಕಿ ಆಗತೈತೇನು?" ಅಂತ ಕೇಳಿದಳು.

ಆಗುತ್ತೆ. ನಮಗಿಂತ ಜಾಸ್ತಿನೇ ಆಗುತ್ತೆ :-)

ಮೊದಲು ನನ್ನ ಕಂಪ್ಯೂಟರಿನ ಪರಿಚಯ ಮಾಡಿಕೊಡ್ತೀನಿ. ಒಳಗಿರೋದು ಎಎಂಡಿ ರೈಜನ್ 5 1600. 2017ರಲ್ಲಿ ಬಂದ ಚಿಪ್. ಆರು ಕೋರ್, ಹನ್ನೆರಡು ಥ್ರೆಡ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿಯುವಾಗ ಅದು ತನ್ನ ಪಾಡಿಗೆ 3.4 ಗಿಗಾಹರ್ಟ್ಸ್‌ನಲ್ಲಿ ಓಡುತ್ತೆ. ಆದರೆ ಈ ಚಿಪ್‌ಗೆ ಕಂಪನಿಯವರು ಬೀಗ ಹಾಕಿಲ್ಲ. ನನ್ನ ಹತ್ತಿರ ಇರುವಂಥ ಬಿ350 ಮದರ್‌ಬೋರ್ಡ್ ಇದ್ದರೆ ಬಯಾಸ್ ಒಳಗೆ ಹೋಗಿ ವೇಗ ಏರಿಸಿಕೊಳ್ಳಬಹುದು. ಇದಕ್ಕೇ ಓವರ್‌ಕ್ಲಾಕಿಂಗ್ ಅನ್ನೋದು. ನಾನು 3.9ಕ್ಕೆ ಏರಿಸಿದ್ದೆ.

ಆಟಕ್ಕಲ್ಲ, ಹೊಟ್ಟೆಪಾಡಿಗೆ. ಹಗಲು ಒಂದು ಕಡೆ ನೌಕರಿ ಮಾಡ್ತೀನಿ, ರಾತ್ರಿ ಮದುವೆ ವಿಡಿಯೋ ಎಡಿಟಿಂಗ್. ನಮ್ಮಲ್ಲಿ ಮದುವೆ ಸೀಜನ್ನೂ ಬೇಸಿಗೆಯೂ ಅವಳಿ ಮಕ್ಕಳು, ಜೊತೆಗೇ ಹುಟ್ಟುತ್ತವೆ. ಒಂದು ಪೂರ್ತಿ ಮದುವೆ ರೆಂಡರ್ ಆಗೋಕೆ ಮಾಮೂಲಿ ವೇಗದಲ್ಲಿ ಹನ್ನೆರಡು ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ಹಚ್ಚಿದರೆ ಬೆಳಿಗ್ಗೆ ಒಂಬತ್ತು. ಎಂಟೂವರೆಗೆ ನಾನು ಮನೆ ಬಿಡಬೇಕು! 3.9ರಲ್ಲಿ ಹತ್ತೂವರೆ ಗಂಟೆಗೆ ಮುಗಿಯುತ್ತೆ. ಏಳೂವರೆಗೆ ಎದ್ದು ನೋಡಿ, ಪೆನ್‌ಡ್ರೈವ್‌ಗೆ ಹಾಕಿ, ದಾರಿಯಲ್ಲೇ ಪಾರ್ಟಿಗೆ ಕೊಟ್ಟು ಹೋಗಬಹುದು. ಆ ಒಂದೂವರೆ ಗಂಟೆ ನನಗೆ ಒಂದು ದಿನಕ್ಕೆ ಸಮ.

ಆದರೆ ಪುಕ್ಕಟೆಯಾಗಿ ಏನೂ ಸಿಗಲ್ಲವಲ್ಲ. ಚಿಪ್ ಹೊರಗೆ ಹಾಕುವ ಶಾಖ ವೇಗದ ಜೊತೆ ಏರುತ್ತೆ, ವೋಲ್ಟೇಜಿನ ವರ್ಗದ ಜೊತೆ ಏರುತ್ತೆ. ನನ್ನ ಚಿಪ್ 3.4ರಲ್ಲಿ ಸುಮಾರು 1.2 ವೋಲ್ಟ್ ಕೇಳುತ್ತೆ. 3.9ರಲ್ಲಿ ತಪ್ಪು ಮಾಡದೆ ಓಡಬೇಕಂದರೆ 1.35 ಬೇಕು. ಲೆಕ್ಕ ಹಾಕಿ ನೋಡಿ: ವೇಗ ಹೆಚ್ಚಿದ್ದು ಶೇಕಡಾ 15, ಶಾಖ ಹೆಚ್ಚಿದ್ದು ಶೇಕಡಾ 45! ಪೆಟ್ಟಿಗೆ ಮೇಲೆ ಬರೆದಿರುವ 65 ವ್ಯಾಟ್ ಹಿಡಿದುಕೊಂಡರೆ ಅದು 94 ವ್ಯಾಟ್ ಹತ್ತಿರ ಹೋಯಿತು. ಹೆಚ್ಚು ಕಮ್ಮಿ ಹಳೇ ಕಾಲದ ನೂರು ಕ್ಯಾಂಡಲ್ ಬಲ್ಬು. ಬಲ್ಬಿನ ಮೇಲೆ ಕೈ ಇಟ್ಟು ಸುಟ್ಟುಕೊಂಡವರಿಗೆ ಗೊತ್ತಿರುತ್ತೆ. ಆ ಶಾಖವೆಲ್ಲ ಇಲ್ಲಿ ಹುಟ್ಟೋದು ಹೆಬ್ಬೆಟ್ಟಿನ ಉಗುರಿನಷ್ಟು ಜಾಗದಲ್ಲಿ. ಪೆಟ್ಟಿಗೆಯ ಜೊತೆ ಬಂದಿದ್ದ ಕೂಲರ್ ಏದುಸಿರು ಬಿಡುತ್ತಿತ್ತು. ಚಿಪ್‌ಗೆ ಕಂಪನಿ ಹಾಕಿರುವ ಮಿತಿ 95 ಡಿಗ್ರಿ. ನನ್ನದು 93 ಮುಟ್ಟುತ್ತಿತ್ತು.

ಇಲ್ಲಿ ಅವ್ವನ ಕೂಲರಿಗೂ ನನ್ನ ಕೂಲರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಕಿಟಕಿಯ ಕೂಲರ್ ಹೊರಗಿನ ಗಾಳಿಯನ್ನೇ ತಣ್ಣಗೆ ಮಾಡಿ ಒಳಗೆ ಕಳಿಸುತ್ತೆ. ಯಾಕಂದರೆ ನೀರು ಆವಿಯಾಗುವಾಗ ಗಾಳಿಯ ಶಾಖ ಹೀರಿಕೊಳ್ಳುತ್ತೆ, ಆ ಆವಿ ಎದುರಿನ ಕಿಟಕಿಯಿಂದ ಹೊರಟು ಹೋಗುತ್ತೆ. ಮಣ್ಣಿನ ಗಡಿಗೆಯ ನೀರು ತಣ್ಣಗಿರೋದೂ ಇದೇ ಗುಟ್ಟಿನಿಂದ. ಕಂಪ್ಯೂಟರಿನ ಟವರ್ ಕೂಲರ್‌ನಲ್ಲೂ ನೀರು ಇರುತ್ತೆ ಅಂದರೆ ನಂಬ್ತೀರಾ? ಅದರ ತಾಮ್ರದ ಕೊಳವೆಗಳು ಬರೀ ಗಟ್ಟಿ ಕಡ್ಡಿಗಳಲ್ಲ. ಒಳಗೆ ಗಾಳಿ ತೆಗೆದು ಸ್ವಲ್ಪವೇ ಸ್ವಲ್ಪ ನೀರು ಬಿಟ್ಟು ಮುಚ್ಚಿರುತ್ತಾರೆ. ಒತ್ತಡ ಕಡಿಮೆ ಇರೋದರಿಂದ ಆ ನೀರು ಕಡಿಮೆ ಬಿಸಿಗೇ ಕುದಿಯುತ್ತೆ. ಆವಿ ಮೇಲಕ್ಕೆ ಹೋಗಿ ಅಲ್ಯೂಮಿನಿಯಂ ರೆಕ್ಕೆಗಳಿಗೆ ಶಾಖ ಒಪ್ಪಿಸಿ ಮತ್ತೆ ನೀರಾಗಿ, ಒಳಗೋಡೆಯ ಸಣ್ಣ ಸಣ್ಣ ರಂಧ್ರಗಳ ಮೂಲಕ ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ವಾಪಸ್ ಬರುತ್ತೆ. ಇದರ ಮೊದಲ ಪೇಟೆಂಟ್ 1944ರದ್ದು, ಜನರಲ್ ಮೋಟಾರ್ಸ್‌ನ ರಿಚರ್ಡ್ ಗಾಗ್ಲರ್ ಹೆಸರಲ್ಲಿದೆ. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಅದನ್ನು ಮತ್ತೆ ಸ್ವತಂತ್ರವಾಗಿ ಕಂಡುಹಿಡಿದು ಮಾಡಿ ತೋರಿಸಿದ.

ಆದರೆ ಕೊಳವೆಯ ಬಾಯಿ ಮುಚ್ಚಿದೆ, ಆವಿ ಎಲ್ಲೂ ಹೊರಗೆ ಹೋಗಲ್ಲ. ಅಂದರೆ ಅದು ಶಾಖ ಕೊಲ್ಲೋದಿಲ್ಲ, ಹೊತ್ತು ಸಾಗಿಸುತ್ತೆ ಅಷ್ಟೇ. ಎಲ್ಲಿಗೆ? ನಮ್ಮ ಪಡಸಾಲೆಗೆ! ಹಾಗಾಗಿ ಎಷ್ಟೇ ದುಬಾರಿ ಕೂಲರ್ ತಂದರೂ ಚಿಪ್ ಕೋಣೆಗಿಂತ ತಣ್ಣಗಾಗಲ್ಲ. ಇಂಗ್ಲಿಷ್ ವಿಮರ್ಶೆಗಳನ್ನು ಓದುವಾಗ ನಾವು ನೆನಪಿಡಬೇಕಾದ್ದು ಇದೇ. ಅವರು 22 ಡಿಗ್ರಿಯ ಕೋಣೆಯಲ್ಲಿ ಕೂತು ಚಿಪ್ 65ರಲ್ಲಿದೆ ಅಂತ ಬರೆದರೆ, ನಿಜವಾಗಿ ಹೇಳುತ್ತಿರೋದು ಕೋಣೆಗಿಂತ 43 ಡಿಗ್ರಿ ಹೆಚ್ಚು ಅಂತ. ಅದೇ ಕೂಲರ್ ನಮ್ಮ 38 ಡಿಗ್ರಿಯ ಪಡಸಾಲೆಯಲ್ಲಿ ಕೂತರೆ ಚಿಪ್ 81. ವಿಮರ್ಶೆಯ ಅಂಕಿಗೆ ನಮ್ಮೂರಿನ ಬಿಸಿಲು ಕೂಡಿಸದೆ ಯಾವ ಕೂಲರನ್ನೂ ಆರಿಸಬೇಡಿ.

ನನ್ನ ಮುಂದೆ ಎರಡು ದಾರಿ ಇದ್ದವು. ಒಂದು, ಪಂಪು, ರಬ್ಬರ್ ಪೈಪು, 240 ಮಿಲಿಮೀಟರ್ ರೇಡಿಯೇಟರ್ ಇರುವ ನೀರಿನ ಕೂಲರ್. ಇನ್ನೊಂದು, ಟವರ್ ಥರದ ಗಾಳಿ ಕೂಲರ್. ನೀರಿನದು ನೋಡೋಕೆ ಚೆಂದ, ಬಣ್ಣಬಣ್ಣದ ದೀಪ ಬೇರೆ. ಗೆಳೆಯನೊಬ್ಬ ಅದನ್ನೇ ತಗೋ ಅಂತ ದುಂಬಾಲು ಬಿದ್ದಿದ್ದ. ಚಿತ್ರ ಅಪ್ಪನಿಗೂ ತೋರಿಸಿದೆ. ಅಪ್ಪ ಬಸ್ ಡ್ರೈವರ್ ಆಗಿದ್ದವನು, ರಾತ್ರಿ ಸರ್ವಿಸ್‌ನಲ್ಲೇ ಅರ್ಧ ಆಯುಷ್ಯ ಕಳೆದವನು. ಕನ್ನಡಕ ಏರಿಸಿ ನೋಡಿ, "ಇದು ರೇಡಿಯೇಟರ್ ಅಲ್ಲೇನೋ ತಮ್ಮಾ? ಇಂಜಿನ್‌ಗ ಇದು ಬೇಕು. ಆದ್ರ ನೀರು ಇದ್ದಲ್ಲಿ ಇವತ್ತಲ್ಲ ನಾಳೆ ಸೋರತೈತಿ, ಇಲ್ಲಾ ಆರತೈತಿ. ಪಂಪ್ ನಿಂತ್ರ ಗಾಡಿ ನಿಂತಂಗ" ಅಂದ.

ವಿಷಯ ನಿಜವೇ. ಈಗಿನ ನೀರಿನ ಕೂಲರ್‌ಗಳು ಸೋರೋದು ಅಪರೂಪ. ಆದರೆ ಪೈಪಿನ ಗೋಡೆಯಿಂದ ವರ್ಷಗಟ್ಟಲೆ ನೀರು ಸ್ವಲ್ಪ ಸ್ವಲ್ಪ ಹಾರಿ ಹೋಗುತ್ತೆ, ಮತ್ತೆ ತುಂಬಿಸೋಕೆ ಹೆಚ್ಚಿನವುಗಳಲ್ಲಿ ದಾರಿ ಇರಲ್ಲ. ಪಂಪ್ ಹೋದರೆ ಇಡೀ ಕೂಲರ್ ಹೋದ ಹಾಗೆ. ಗಾಳಿ ಕೂಲರಿನ ಫ್ಯಾನ್ ಕೆಟ್ಟರೆ ಫ್ಯಾನ್ ಒಂದನ್ನೇ ಬದಲಾಯಿಸಿದರಾಯಿತು. ಇನ್ನೊಂದು ಮಾತು. ನೀರು ಬಿಸಿಯಾಗೋಕೆ ಹೊತ್ತು ಹಿಡಿಯೋದರಿಂದ ಐದು ಹತ್ತು ನಿಮಿಷದ ಕೆಲಸಕ್ಕೆ ಆ ಕೂಲರ್ ಬಲು ತಣ್ಣಗೆ ಕಾಣುತ್ತೆ. ನನ್ನದು ಹತ್ತು ಗಂಟೆಯ ಕೆಲಸ! ಅಷ್ಟರಲ್ಲಿ ಒಳಗಿನ ನೀರೂ ಬಿಸಿಯಾಗಿ, ಕೊನೆಗೆ ಎಲ್ಲ ಭಾರ ರೇಡಿಯೇಟರ್ ಮತ್ತು ಫ್ಯಾನ್ ಮೇಲೇ ಬೀಳುತ್ತೆ. ನೂರು ವ್ಯಾಟ್ ಕೂಡ ದಾಟದ ಚಿಪ್‌ಗೆ ಅದು ಬೇಕಿಲ್ಲ ಅನ್ನಿಸಿತು. ಬೆಲೆಯೂ ಎರಡು ಮೂರು ಪಟ್ಟು.

ಆದರೆ ನಿಜ ಹೇಳಬೇಕಂದರೆ ನನ್ನ ಆಯ್ಕೆ ನಿರ್ಧಾರ ಮಾಡಿದ್ದು ಡಿಗ್ರಿಯೂ ಅಲ್ಲ, ರೂಪಾಯಿಯೂ ಅಲ್ಲ. ಸದ್ದು.

ನಮ್ಮ ಮನೆಯಲ್ಲಿ ಕಿಟಕಿ ಕೂಲರ್ ಇರೋದು ಪಡಸಾಲೆಯಲ್ಲಿ, ಕಂಪ್ಯೂಟರ್ ಇರೋದೂ ಅಲ್ಲೇ, ಬೇಸಿಗೆಯಲ್ಲಿ ಅಪ್ಪ ಮಲಗೋದೂ ಅಲ್ಲೇ. ಎಷ್ಟೋ ವರ್ಷ ರಾತ್ರಿ ಗಾಡಿ ಓಡಿಸಿ ಅವನ ನಿದ್ದೆ ಮೊದಲೇ ಹಾಳಾಗಿದೆ. ಮೇಲೆ ಬಿಪಿ. ನಿದ್ದೆ ಕೆಡಿಸಿಕೊಳ್ಳಬೇಡಿ, ಮೆಟ್ಟಿಲು ಹತ್ತಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಮಂಡಿ ಎರಡೂ ಹೋಗಿವೆ. ಹೀಗಿರುವಾಗ ಫೆಬ್ರವರಿಯಲ್ಲೇ ಅಪ್ಪ ಹಾಸಿಗೆ ಸುತ್ತಿಕೊಂಡು ಮಾಳಿಗೆ ಮೇಲೆ ಹೋಗೋಕೆ ಶುರು ಮಾಡಿದ. ಕೇಳಿದರೆ "ಮ್ಯಾಲ ಗಾಳಿ ಚೊಲೊ ಬರತೈತಿ" ಅನ್ನುತ್ತಿದ್ದ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗೋದು ನಮ್ಮ ಕಡೆ ಹೊಸದೇನಲ್ಲ. ಆದರೆ ಮದುವೆ ವಿಡಿಯೋ ಇಲ್ಲದ ರಾತ್ರಿಗಳಲ್ಲಿ ಅಪ್ಪ ಕೆಳಗೇ ಮಲಗುತ್ತಿದ್ದ. ನನಗೆ ಅರ್ಥವಾಯಿತು. ಅವನು ಬಾಯಿ ಬಿಟ್ಟು ಹೇಳುವ ಜಾತಿಯಲ್ಲ.

ನನಗೆ ಆಶ್ಚರ್ಯ ಅನ್ನಿಸಿದ್ದು, ಕಿಟಕಿ ಕೂಲರಿನ ಅಷ್ಟು ದೊಡ್ಡ ಗುಂಯ್ ಸದ್ದಿನಲ್ಲಿ ನಿದ್ದೆ ಬರುವ ಮನುಷ್ಯನಿಗೆ ಅಂಗೈಯಷ್ಟು ಫ್ಯಾನಿನ ಕುಂಯ್ ಸದ್ದಿಗೆ ಯಾಕೆ ಎಚ್ಚರವಾಗುತ್ತೆ ಅಂತ. ಒಂದು ದಿನ ಕೇಳೇಬಿಟ್ಟೆ. ಅಪ್ಪ ನಕ್ಕ.

"ಬಸ್ಸಿನಾಗ ಇಂಜಿನ್ ಪಕ್ಕ ಕುಂತವರೂ ಗೊರಕಿ ಹೊಡಿತಾರ. ಸದ್ದು ಒಂದೇ ಸಮ ಇದ್ರ ಯಾರಿಗೂ ಏನೂ ಆಗಲ್ಲ. ಗೇರ್ ಬದಲಾಯಿಸಿದಾಗ ಏಳ್ತಾರ ನೋಡು. ನಿನ್ನ ಮಷೀನು ರಾತ್ರಿಯೆಲ್ಲಾ ಗೇರ್ ಬದಲಾಯಿಸತೈತಿ."

ನಾನು ಓದಿದ ಯಾವ ವಿಮರ್ಶೆಯಲ್ಲೂ ಇಷ್ಟು ಸರಳವಾಗಿ ಯಾರೂ ಬರೆದಿರಲಿಲ್ಲ!

ಅಲ್ಲಿಂದ ಹುಡುಕಾಟದ ದಿಕ್ಕೇ ಬದಲಾಯಿತು. ಬೇಕಾಗಿರೋದು ಹೆಚ್ಚು ತಣ್ಣಗಿಡುವ ಕೂಲರ್ ಅಲ್ಲ, ನಿಧಾನವಾಗಿ, ಒಂದೇ ವೇಗದಲ್ಲಿ ತಿರುಗಿದರೂ ಸಾಕಾಗುವ ಕೂಲರ್. ಫ್ಯಾನಿನ ಲೆಕ್ಕ ಹೀಗಿದೆ: ವೇಗ ಅರ್ಧ ಮಾಡಿದರೆ ಗಾಳಿ ಅರ್ಧಕ್ಕೆ ಇಳಿಯುತ್ತೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತೆ. ಇದು ಬಹಳ ದೊಡ್ಡ ಲಾಭ. ಹಾಗಾಗಿ ಚಿಕ್ಕ ಫ್ಯಾನನ್ನು ಓಡಿಸಿ ಓಡಿಸಿ ಸುಸ್ತು ಮಾಡುವ ಬದಲು ದೊಡ್ಡ ಫ್ಯಾನನ್ನು ಆರಾಮಾಗಿ ತಿರುಗಿಸೋದು ಜಾಣತನ.

ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಎನ್‌ಎಚ್-ಡಿ15 ಮೇಲೆ ಮೊದಲು ಕಣ್ಣು ಬಿತ್ತು. ಆದರೆ ಅದರ ಎತ್ತರ 165 ಮಿಲಿಮೀಟರ್. ನನ್ನ ಕ್ಯಾಬಿನೆಟ್‌ನಲ್ಲಿ ಜಾಗ ಇರೋದು 160. ಬಾಗಿಲು ಮುಚ್ಚಲ್ಲ. ಬೆಲೆ ಕೇಳಿದ ಮೇಲೆ ಬಾಯಿಯೂ ಮುಚ್ಚಲಿಲ್ಲ :-) ಕೊನೆಗೆ ತಗೊಂಡಿದ್ದು ಡೀಪ್‌ಕೂಲ್ ಎಕೆ400. 155 ಮಿಲಿಮೀಟರ್ ಎತ್ತರ, ನಾಲ್ಕು ತಾಮ್ರದ ಕೊಳವೆ, 120 ಮಿಲಿಮೀಟರ್ ಫ್ಯಾನ್. ನೀವೂ ಕೊಳ್ಳುವ ಮೊದಲು ಸ್ಕೇಲ್ ಹಿಡಿದು ಎರಡು ಅಳತೆ ನೋಡಿ. ಮದರ್‌ಬೋರ್ಡಿನಿಂದ ಬಾಗಿಲಿಗೆ ಎಷ್ಟಿದೆ, ರ್‍ಯಾಮ್ ಕಡ್ಡಿಗಳು ಫ್ಯಾನಿಗೆ ತಾಗುತ್ತವಾ ಅಂತ.

ಕೂರಿಸುವಾಗ ಎರಡು ಮಾತು. ಈ ತಲೆಮಾರಿನ ರೈಜನ್‌ಗಳಲ್ಲಿ ಪಿನ್ನುಗಳು ಚಿಪ್‌ನಲ್ಲೇ ಇರುತ್ತವೆ. ಹಳೇ ಪೇಸ್ಟ್ ಅಂಟಿಕೊಂಡಿದ್ದರೆ ಕೂಲರ್ ಎಳೆದಾಗ ಚಿಪ್ಪೂ ಕಿತ್ತುಕೊಂಡು ಬಂದೀತು. ಸ್ವಲ್ಪ ಹೊತ್ತು ಕಂಪ್ಯೂಟರ್ ಓಡಿಸಿ, ಬೆಚ್ಚಗಾದ ಮೇಲೆ ಆರಿಸಿ, ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ ಕೂಲರನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ ತೆಗೆಯಿರಿ. ಹೊಸ ಪೇಸ್ಟ್ ಒಂದು ತೊಗರಿ ಕಾಳಿಗಿಂತ ಸ್ವಲ್ಪ ದೊಡ್ಡದಿದ್ದರೆ ಸಾಕು, ದೋಸೆಗೆ ಬೆಣ್ಣೆ ಸವರಿದ ಹಾಗೆ ಬೇಡ. ಅದರ ಕೆಲಸ ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಸಂದುಗಳಿಂದ ಗಾಳಿ ಓಡಿಸೋದು ಮಾತ್ರ. ಗಾಳಿಗಿಂತ ಪೇಸ್ಟ್ ನೂರಾರು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತೆ ನಿಜ, ಆದರೆ ತಾಮ್ರದ ಮುಂದೆ ಅದೂ ಏನೂ ಅಲ್ಲ.

ಕ್ಯಾಬಿನೆಟ್ಟನ್ನು ಕಿಟಕಿ ಕೂಲರಿನ ಒದ್ದೆ ಗಾಳಿ ನೇರ ಬಡಿಯದ ಹಾಗೆ ಎದುರಿನ ಕಿಟಕಿಯ ಪಕ್ಕಕ್ಕೆ ಸರಿಸಿದೆ. ಹೇಗೂ ಆ ಕಿಟಕಿ ತೆಗೆದೇ ಇರಬೇಕು, ಇಲ್ಲದಿದ್ದರೆ ಆವಿ ಒಳಗೇ ಉಳಿದು ಕೋಣೆ ಕುದಿಯುತ್ತೆ. ಈಗ ಆ ಗಾಳಿಯ ಜೊತೆ ಕಂಪ್ಯೂಟರಿನ ಬಿಸಿಯೂ ಹೊರಗೆ ಹೋಗುತ್ತೆ. ಧೂಳಿನ ಊರಾದ್ದರಿಂದ ತಿಂಗಳಿಗೊಮ್ಮೆ ರೆಕ್ಕೆಗಳ ಸಂದಿಗೆ ಬ್ರಷ್ ಆಡಿಸ್ತೀನಿ.

ಕೊನೆಯದಾಗಿ ಬಯಾಸ್‌ನಲ್ಲಿ ಎರಡು ಪ್ರೊಫೈಲ್ ಮಾಡಿಟ್ಟುಕೊಂಡಿದ್ದೇನೆ. ಚಳಿಗಾಲಕ್ಕೆ 3.9 ಗಿಗಾಹರ್ಟ್ಸ್, 1.35 ವೋಲ್ಟ್. ಬೇಸಿಗೆಗೆ 3.7, 1.25 ವೋಲ್ಟ್. ಬೇಸಿಗೆ ಲೆಕ್ಕದಲ್ಲಿ ವೇಗ ಶೇಕಡಾ 9 ಹೆಚ್ಚು, ಶಾಖ ಶೇಕಡಾ 18 ಮಾತ್ರ. ರೆಂಡರ್‌ಗೆ ಹನ್ನೊಂದು ಗಂಟೆ. ಬೆಳಿಗ್ಗೆ ಎಂಟಕ್ಕೆ ಮುಗಿಯುತ್ತೆ, ಎಂಟೂವರೆಗೆ ನಾನು ಮನೆ ಬಿಡ್ತೀನಿ. ಅರ್ಧ ಗಂಟೆ ಬಿಟ್ಟುಕೊಟ್ಟು ಎಷ್ಟೊಂದು ಬಿಸಿ ಉಳಿಸಿದೆ ನೋಡಿ! ಫ್ಯಾನ್ ಮಾತ್ರ ಎರಡೂ ಕಾಲಕ್ಕೆ ಒಂದೇ: 900 ಸುತ್ತು. 85 ಡಿಗ್ರಿ ದಾಟಿದರೆ ಮಾತ್ರ ಏರಬೇಕು ಅಂತ ಹೇಳಿಟ್ಟಿದ್ದೇನೆ. ಮೇ ತಿಂಗಳ ರಾತ್ರಿ ಕಿಟಕಿ ಕೂಲರ್ ಹಚ್ಚಿ ಪಡಸಾಲೆ 31ರಲ್ಲಿದ್ದಾಗ ಚಿಪ್ 73ರ ಆಸುಪಾಸು ನಿಂತಿತು. ರಾತ್ರಿಯೆಲ್ಲ ಒಂದೇ ಗೇರು.

ಆ ಸೀಜನ್ನಿನಲ್ಲಿ ಹದಿನಾಲ್ಕು ಮದುವೆ ಮುಗಿಸಿದೆ. ಅಪ್ಪ ಮಾಳಿಗೆ ಹತ್ತಲಿಲ್ಲ. ಏಪ್ರಿಲ್‌ನ ಒಂದು ರಾತ್ರಿ ನೀರು ಕುಡಿಯೋಕೆ ಎದ್ದಾಗ ಕತ್ತಲಲ್ಲಿ ನಿಂತು ಕೇಳಿಸಿಕೊಂಡೆ. ಕಿಟಕಿ ಕೂಲರಿನ ಗುಂಯ್ ಇತ್ತು, ಅಪ್ಪನ ಗೊರಕೆ ಇತ್ತು. ಕಂಪ್ಯೂಟರಿನದು ಹುಡುಕಿದರೂ ಸಿಗಲಿಲ್ಲ.

ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಯಾವ ಕೋಣೆಯಲ್ಲಿದೆ, ಪಕ್ಕದಲ್ಲಿ ಯಾರು ಮಲಗ್ತಾರೆ? ಕೂಲರ್ ಆರಿಸುವ ಮುಂಚೆ ಅವರನ್ನೂ ಒಂದು ಮಾತು ಕೇಳಿ. ನನಗೂ ತಿಳಿಸಿ.