ಹದಿನೇಳು ಮೆಟ್ಟಿಲು

ನನ್ನಂಥವರಿಗೆ ಕಾಲಕಾಲಕ್ಕೆ ಹೊಸ ಹೆಸರು ದೊರೆಯುತ್ತ ಬಂದಿದೆ. ಧಾರವಾಡದ ಓಣಿಯಲ್ಲಿ ನಾನು ಕುಂಟ. ನೌಕರಿಯ ಅರ್ಜಿಯಲ್ಲಿ ಅಂಗವಿಕಲ. ಆಮೇಲೆ ವಿಕಲಚೇತನನಾದೆ, ಈಗ ದಿವ್ಯಾಂಗನೂ ಆಗಿದ್ದೇನೆ. ಹೆಸರು ಇಷ್ಟು ಮೇಲೇರಿದರೂ ನಾನು ಮಾತ್ರ ಕೆಳಗೇ ಉಳಿದಿದ್ದೇನೆ. ಏಕೆಂದರೆ ನಮ್ಮ ಕಾರ್ಯಕ್ರಮಗಳು ನಡೆಯುವ ಬಾಡಿಗೆಯ ಸಭಾಗೃಹ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಮೆಟ್ಟಿಲು ಹದಿನೇಳು. ಇನ್ನೊಂದಿದ್ದರೆ ಅಯ್ಯಪ್ಪನ ಪುಣ್ಯವಾದರೂ ಸಿಗುತ್ತಿತ್ತು.

ಮೂರನೆಯ ವರ್ಷಕ್ಕೆ ಪೋಲಿಯೊ ಬಂದಿತ್ತು. ೧೯೭೯ರಲ್ಲಿ ಬ್ಯಾಂಕಿನ ಕೆಲಸಕ್ಕೆಂದು ಪುಣೆಗೆ ಬಂದಾಗಿನಿಂದ ನಾಟಕವಿರಲಿ, ತಾಳಮದ್ದಳೆಯಿರಲಿ, ನಮ್ಮ ಹುಡುಗರು ನನ್ನನ್ನು ಕುರ್ಚಿಸಮೇತ ಮೇಲೆ ಹೊತ್ತಿದ್ದಾರೆ. "ಕಾಕಾ, ನೀವು ಸುಮ್ನ ಕೂಡ್ರಿ, ನಾವು ಎತ್ತತೀವಿ" ಎನ್ನುವ ಅವರ ಪ್ರೀತಿಗೆ ಕೊರತೆಯಿಲ್ಲ. ಆದರೆ ಹೊತ್ತು ತಂದವನಿಗೆ ಒಂದು ಸೌಕರ್ಯ ತಪ್ಪಿಹೋಗುತ್ತದೆ. ನಾಟಕ ಎಷ್ಟೇ ನೀರಸವಾಗಿದ್ದರೂ ಆತ ನಡುವೆ ಎದ್ದು ಹೋಗುವಂತಿಲ್ಲ. ಅಷ್ಟೇ ಅಲ್ಲ, ಮೂತ್ರಕ್ಕೆ ಹೋಗಬೇಕಾದೀತೆಂಬ ಭಯದಿಂದ ಅಂದು ಮಧ್ಯಾಹ್ನದಿಂದಲೇ ನಾನು ನೀರು ಕುಡಿಯುವುದಿಲ್ಲ. ಇದನ್ನು ಇಷ್ಟು ವರ್ಷ ಯಾರೂ ಕೇಳಿಲ್ಲವಾದ್ದರಿಂದ ಈಗ ನಾನೇ ಹೇಳುತ್ತಿದ್ದೇನೆ.

ನನ್ನ ಪ್ರಶ್ನೆ ಸುಲಭದ್ದು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು ಎಂಬುದು ಎಲ್ಲೆಡೆ ಒಪ್ಪಿದ ಲೆಕ್ಕ. ಮೂರಡಿಯ ರಂಗಮಂಚಕ್ಕೆ ಮೂವತ್ತಾರು ಅಡಿ. ಅಷ್ಟು ಜಾಗವಿಲ್ಲವೆನ್ನುವವರು ಮಂಚವನ್ನೇ ಬಿಡಬಹುದು. ಕರಾವಳಿಯ ಬಯಲಾಟದ ರಂಗಸ್ಥಳ ಇದ್ದದ್ದು ನೆಲದ ಮೇಲೆಯೇ ಅಲ್ಲವೆ? ಕಿವಿ ಕೇಳದವರಿಗಾಗಿ ಸಂಭಾಷಣೆಯನ್ನು ಪರದೆಯ ಮೇಲೆ ಬರೆದು ತೋರಿಸಬಹುದು. ಅದನ್ನು ದೇವನಾಗರಿಯಲ್ಲೂ ಬರೆದರೆ, ಇಲ್ಲೇ ಹುಟ್ಟಿ ಕನ್ನಡ ಅಕ್ಷರ ಕಲಿಯದ ನಮ್ಮ ಮೊಮ್ಮಕ್ಕಳೂ ಮುಗುಮ್ಮಾಗಿ ಕೂಡುವುದು ತಪ್ಪೀತು. ಕಣ್ಣಿಲ್ಲದವರನ್ನು ಆಟಕ್ಕೆ ಮುಂಚೆ ಚೌಕಿಗೆ ಕರೆದೊಯ್ದು ಕಿರೀಟ, ಭುಜಕೀರ್ತಿಗಳನ್ನು ಮುಟ್ಟಿಸಿದರೆ ಖರ್ಚೇನೂ ಇಲ್ಲ.

ಕಷ್ಟವಿರುವುದು ಕಣ್ಣಿಗೆ ಕಾಣದ ತೊಡಕಿನಲ್ಲಿ. ಮಿತ್ರರೊಬ್ಬರ ಮೊಮ್ಮಗನಿಗೆ ಆಟಿಸಂ ಇದೆ. ಭೀಮಸೇನ ಜೋಶಿಯವರ ದಾಸರ ಪದಗಳೆಲ್ಲ ಅವನಿಗೆ ಬಾಯಿಪಾಠ. ಮೈಕು ಕಿರುಚಿದರೆ ಮಾತ್ರ ಕಿವಿ ಮುಚ್ಚಿಕೊಂಡು ಕೂಗುತ್ತಾನೆ. ಕಳೆದ ಸಲ ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು, ಅಜ್ಜ ಮೊಮ್ಮಗನನ್ನು ಕರೆದುಕೊಂಡು ಹೋದರು, ಮತ್ತೆ ಬಂದಿಲ್ಲ. ಆ ಹುಡುಗನಿಗೆ ಬೇಕಾದದ್ದು ಬಹಳವೇನಲ್ಲ: ತುಸು ತಗ್ಗಿಸಿದ ಧ್ವನಿ, ಬಾಗಿಲ ಪಕ್ಕದ ಎರಡು ಕುರ್ಚಿ, ಹೊರಗೊಂದು ಸದ್ದಿಲ್ಲದ ಕೋಣೆ, ಏನು ಎಷ್ಟು ಹೊತ್ತಿಗೆ ನಡೆಯುವುದೆಂದು ಮುಂಚಿತವಾಗಿ ತಿಳಿಸುವ ಒಂದು ಹಾಳೆ. ಆ ಹಾಳೆಯಂತೆ ನಮ್ಮ ಅಧ್ಯಕ್ಷೀಯ ಭಾಷಣ ಮುಗಿಯುವುದಾದರೆ ಉಳಿದವರಿಗೂ ಉಪಕಾರವೇ! ೧೯೯೫ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. ೨೦೧೬ರ ಕಾಯ್ದೆಯಲ್ಲಿ ಇಪ್ಪತ್ತೊಂದಾದವು, ಆಟಿಸಂ ಕೂಡ ಸೇರಿತು. ಕಲೆ ಮತ್ತು ಸಂಸ್ಕೃತಿಯಲ್ಲಿ ಪಾಲುಗೊಳ್ಳುವುದನ್ನೂ ಆ ಕಾಯ್ದೆ ಹಕ್ಕಾಗಿ ಎಣಿಸಿದೆ.

ಕಾಯ್ದೆಯ ದಾರಿ ಕಾಯದ ಉದಾಹರಣೆ ನಮ್ಮ ಗದುಗಿನಲ್ಲೇ ಇದೆ. ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು ಹುಟ್ಟು ಅಂಧರು. ಅವರ ನಂತರ ಅದನ್ನು ನಡೆಸಿದ ಪುಟ್ಟರಾಜ ಗವಾಯಿಗಳೂ ಅಂಧರು. ೨೦೧೦ರಲ್ಲಿ ತೀರಿಕೊಳ್ಳುವವರೆಗೂ ಕಲಿಸಿದರು. ಆಶ್ರಮದ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿ ನಡೆಸಿದರು, ನಾಟಕ ಬರೆದರು. ಕಣ್ಣಿದ್ದ ಬಸವರಾಜ ರಾಜಗುರುಗಳು ಅಲ್ಲಿ ಪಂಚಾಕ್ಷರಿ ಗವಾಯಿಗಳ ಶಿಷ್ಯರಾಗಿ ಕಲಿತರು. ಅಲ್ಲಿ ಅಂಧರಿಗೆ ಯಾರೂ ಜಾಗ ಮಾಡಿಕೊಡಬೇಕಾಗಲಿಲ್ಲ, ಜಾಗ ಅವರದೇ ಆಗಿತ್ತು. ನಾವೋ, ಡಿಸೆಂಬರದಲ್ಲಿ ಒಂದು ದಿನ ಅಂಧ ಗಾಯಕರೊಬ್ಬರನ್ನು ಕರೆಸಿ, ಶಾಲು ಹೊದಿಸಿ, ಕಣ್ಣೀರು ಒರೆಸಿಕೊಂಡು ಮನೆಗೆ ಹೋಗುತ್ತೇವೆ. ಅವರ ಯಮನ್ ಹೇಗಿತ್ತೆಂದು ಯಾರೂ ಮಾತಾಡುವುದಿಲ್ಲ. ಶ್ರುತಿ ತಪ್ಪಿದರೆ ತಪ್ಪಿತೆನ್ನುವುದು ನನ್ನ ಮಟ್ಟಿಗೆ ಹೆಚ್ಚಿನ ಗೌರವ.

ಈ ವರ್ಷದ ರಾಜ್ಯೋತ್ಸವಕ್ಕೆ ನೆಲಮಟ್ಟದ ಸಭಾಗೃಹವೊಂದನ್ನು ಕೆಲವರು ಸೂಚಿಸಿದ್ದಾರೆ. ಬಾಡಿಗೆ ಹೆಚ್ಚು, ಊರಿನಿಂದ ದೂರ ಎಂಬ ಆಕ್ಷೇಪಗಳಿವೆ, ಎರಡೂ ನಿಜ. ಹೂಮಾಲೆ ಮತ್ತು ಸ್ಮರಣಿಕೆಗಳ ಖರ್ಚನ್ನು ಅರ್ಧಕ್ಕಿಳಿಸಿದರೆ ವ್ಯತ್ಯಾಸ ಸರಿಹೋದೀತೆಂದು ಮಾಜಿ ಬ್ಯಾಂಕಿನವನಾದ ನನ್ನ ಲೆಕ್ಕ. ಬರುವ ಭಾನುವಾರ ಕಾರ್ಯಕಾರಿ ಸಮಿತಿ ಇದನ್ನು ತೀರ್ಮಾನಿಸಲಿದೆ. ಆ ಸಭೆ ನಡೆಯುವುದೂ ಅದೇ ಮಹಡಿಯ ಮೇಲೆ. ಕೆಳಗಿನ ಚಹಾದಂಗಡಿಯ ಮುಂದೆ ಎರಡು ಬಾಕುಗಳಿವೆ, ಅಲ್ಲಿಯೇ ಸೇರೋಣವೆಂದು ಕಾರ್ಯದರ್ಶಿಗಳಿಗೆ ಪತ್ರ ಬರೆದಿದ್ದೇನೆ. ಚಹಾದ ಖರ್ಚು ನನ್ನದು.